ಎತ್ತರಕ್ಕೇರಿದ ಜೀಪು, ತಲೆ ತಗ್ಗಿಸಿದ ಕಾನೂನು

ಬೈಕುಗಳಿಂದ ಕಿತ್ತ ಕರ್ಕಶ ಸೈಲೆನ್ಸರ್‌ಗಳನ್ನು ರಸ್ತೆಯಲ್ಲಿ ಸಾಲಾಗಿ ಮಲಗಿಸಿ, ಅವುಗಳ ಮೇಲೆ ರೋಡ್ ರೋಲರ್ ಹರಿಸುವ ದೃಶ್ಯವನ್ನು ರಾಜ್ಯದ ಹಲವು ನಗರಗಳು ಕಂಡಿವೆ. ಆ ಕ್ರಮವನ್ನು ಯಾರೂ ಆಕ್ಷೇಪಿಸಲಾರರು. ಆದರೆ ಜೀಪಿಗೆ ಲಿಫ್ಟ್ ಕಿಟ್ ಹಾಕಿಸಿ, ದೈತ್ಯ ಟಯರುಗಳನ್ನು ತೊಡಿಸಿ ಪೇಟೆಯ ನಡುವೆ ಮೆರೆಯುವವರ ಮುಂದೆ ಅದೇ ಉತ್ಸಾಹ ಏಕೆ ಬತ್ತಿಹೋಗುತ್ತದೆ?

ಕಾನೂನಿನಲ್ಲಿ ಅಸ್ಪಷ್ಟತೆಯೇನೂ ಇಲ್ಲ. ತಯಾರಕರು ನಿಗದಿಪಡಿಸಿದ ವಿವರಗಳಿಗೆ ವ್ಯತಿರಿಕ್ತವಾಗುವಂತೆ ವಾಹನವನ್ನು ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಅನುಮತಿಯಿಲ್ಲದ ಪ್ರತಿಯೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಲು ಅವಕಾಶ ನೀಡಿತು.

ಇದು ಕೇವಲ ಕಾಗದದ ನಿಯಮವಲ್ಲ. ವಾಹನ ಎತ್ತರವಾದಂತೆ ಅದರ ಗುರುತ್ವ ಕೇಂದ್ರವೂ ಮೇಲೇರುತ್ತದೆ. ಘಾಟಿಯ ತಿರುವಿನಲ್ಲಿ ಮಗುಚುವ ಅಪಾಯ ಹೆಚ್ಚುತ್ತದೆ. 29 ಇಂಚಿನ ಟಯರಿನ ಜಾಗದಲ್ಲಿ 32 ಇಂಚಿನದನ್ನು ಹಾಕಿದರೆ, ಸ್ಪೀಡೋಮೀಟರ್ 60 ಎಂದು ತೋರಿಸುವಾಗ ನಿಜವಾದ ವೇಗ 66 ದಾಟಿರುತ್ತದೆ. ಚಕ್ರ ದೊಡ್ಡದಾಗಿ ಭಾರವಾದರೂ ಬ್ರೇಕು ಮಾತ್ರ ಹಳೆಯದೇ. ಮೇಲೇರಿದ ದೀಪ ಎದುರಿನ ಬೈಕ್ ಸವಾರನ ಕಣ್ಣಿಗೆ ನೇರವಾಗಿ ಕುಕ್ಕುತ್ತದೆ. ಮೇಲೇರಿದ ಬಂಪರ್ ಸಣ್ಣ ಕಾರಿನ ಬಂಪರನ್ನು ದಾಟಿ ಒಳಗಿದ್ದವರತ್ತಲೇ ನುಗ್ಗಬಲ್ಲದು. ಮೋಜು ಒಬ್ಬನದು, ಬೆಲೆ ತೆರುವವನು ಮತ್ತೊಬ್ಬ.

ಮಲೆನಾಡಿನ ತೋಟದ ದಾರಿಗೆ ಇದು ಅನಿವಾರ್ಯವೆಂಬ ವಾದವಿದೆ. ಆದರೆ ಲಿಫ್ಟ್ ಕಿಟ್ ಎತ್ತುವುದು ಚಾಸಿಯನ್ನೇ ಹೊರತು, ಕಲ್ಲಿಗೆ ತಾಗುವ ಗಟ್ಟಿ ಆಕ್ಸಲನ್ನಲ್ಲ. ಅದನ್ನು ಎತ್ತುವುದು ಟಯರು ಮಾತ್ರ; ಮೂರು ಇಂಚು ದೊಡ್ಡ ಟಯರು ಹಾಕಿದರೂ ಆಕ್ಸಲ್‌ಗೆ ಸಿಗುವುದು ಒಂದೂವರೆ ಇಂಚು! ತಯಾರಕರೇ ಒಪ್ಪಿದ ಅಳತೆಯ ಟಯರಿಗೆ ಯಾರ ತಕರಾರೂ ಇಲ್ಲ. ತೋಟದ ಕೂಲಿಯಾಳುಗಳನ್ನು ಹೊತ್ತು ದಶಕಗಳಿಂದ ಅದೇ ದಾರಿಯಲ್ಲಿ ಸಾಗಿದ ಹಳೆಯ ಜೀಪುಗಳು ಯಾವ ಕಿಟ್ಟನ್ನು ಬೇಡಿದ್ದವು?

ಇಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ಹೊಟ್ಟೆಪಾಡಿಗಾಗಿ ಆಟೋ ಓಡಿಸುವವನು ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆನಂತರ ಪ್ರತಿವರ್ಷವೂ ಫಿಟ್‌ನೆಸ್ ಪರೀಕ್ಷೆಗೆ ಸಾಲು ನಿಲ್ಲಬೇಕು. ಖಾಸಗಿ ಜೀಪಿನ ನೋಂದಣಿಯಾದರೋ 15 ವರ್ಷಗಳಿಗೆ ಸಿಂಧು! ಆ ಅವಧಿಯಲ್ಲಿ ಅದರ ಎತ್ತರವನ್ನು ಅಳೆಯುವವರು ಯಾರು? ಪರೀಕ್ಷೆಯೆಲ್ಲ ದುಡಿಯುವವನಿಗೆ, ವಿನಾಯಿತಿಯೆಲ್ಲ ಮೆರೆಯುವವನಿಗೆ ಎಂಬುದು ಯಾವ ನ್ಯಾಯ?

ಪರಿಹಾರ ಕಷ್ಟದ್ದೇನಲ್ಲ. ಘಾಟಿಯ ತಪಾಸಣಾ ಠಾಣೆಯಲ್ಲಿ ಒಂದು ಅಳತೆಪಟ್ಟಿ ಸಾಕು. ಬೇಕಾಗಿರುವುದು ಅದನ್ನು ಉಳ್ಳವನ ವಾಹನಕ್ಕೂ ಹಿಡಿಯುವ ಧೈರ್ಯ. ಸದ್ದು ಮಾಡಿದ ಬೈಕಿಗೊಂದು, ಎದೆಯುಬ್ಬಿಸಿದ ಜೀಪಿಗೊಂದು ಎಂದು ಕಾನೂನು ಎರಡಾಗಬಾರದು. ರಸ್ತೆ ಎಲ್ಲರದು, ಅಲ್ಲಿ ನಡೆದು ಹೋಗುವವನ ಪ್ರಾಣಕ್ಕೂ ಅಷ್ಟೇ ಬೆಲೆಯಿದೆ.