ನನ್ನ ಮಗಳ ಹೆಸರು ಚಿಪ್ಪೋರ, ಏನೀಗ?

ಮೂರು ತಿಂಗಳಿಂದ ಏನೂ ಬರೆದಿಲ್ಲ. ಕಾರಣ ಮನೆಗೆ ಬಂದಿರುವ ಹೊಸ ಅತಿಥಿ. ಹೆಣ್ಣು ಮಗು. ಹೆಸರು ಚಿಪ್ಪೋರ.

ನಕ್ಕುಬಿಡಿ, ಪರವಾಗಿಲ್ಲ. ಬಸವೇಶ್ವರನಗರದ ನಮ್ಮ ರಸ್ತೆಯವರೆಲ್ಲ ಆಗಲೇ ನಕ್ಕಾಗಿದೆ. ಎದುರುಮನೆ ಹುಡುಗ "ಚಿಪ್ಸಾ ಅಂಕಲ್?" ಅಂದ. ಆಫೀಸಿನವನೊಬ್ಬ "ಮುಂದೆ ಕೈಗೆ ಚಿಪ್ಪೇ ಕೊಡ್ತಾಳೆ ನೋಡು" ಅಂದ. ಇವನ್ನೆಲ್ಲ ತಡಕೊಂಡೆ. ತಡೆಯೋಕಾಗದೇ ಇದ್ದದ್ದು ವಿಜಯನಗರದ ಗೆಳೆಯನ ಪ್ರಶ್ನೆ. ಕನ್ನಡ ಅಂದ್ರೆ ಪ್ರಾಣ ಬಿಡೋ ಮನುಷ್ಯ. ತುಂಬ ಗಂಭೀರವಾಗಿಯೇ ಕೇಳಿದ: "ಇಷ್ಟೆಲ್ಲ ಕನ್ನಡ ಕನ್ನಡ ಅಂತೀಯಲ್ಲ, ಒಂದು ಕನ್ನಡದ ಹೆಸರು ಸಿಗಲಿಲ್ವಾ?"

ಇವನ ಮಗನ ಹೆಸರು ವಿಹಾನ್. ಹ್ಞಾಂ, ವಿಹಾನ! ಕೊನೆಗೆ ಒಂದು ಅಕಾರವನ್ನೂ ಬಿಡದೆ ಹಿಂದಿಯವರ ಹಾಗೆ ಕತ್ತರಿಸಿಟ್ಟ ಹೆಸರು. ಅದು ಕನ್ನಡ, ನನ್ನದು ಪರದೇಶಿ!

ಸುರೇಶ, ರಮೇಶ, ಶ್ರೀನಿವಾಸ ಎಲ್ಲ ಸಂಸ್ಕೃತ. ಇರಲಿ, ನಮ್ಮದಾಗಿವೆ. ಹೇಗೆ ಆದವು? ಕರೆದೂ ಕರೆದೂ ಆದವು. ನಮ್ಮ ಬಡಾವಣೆಗೆ ಹೆಸರು ಕೊಟ್ಟ ಬಸವಣ್ಣನನ್ನೇ ನೋಡಿ. ವೃಷಭ ಅನ್ನೋದು ಕನ್ನಡದ ಬಾಯಲ್ಲಿ ಉರುಳಿ ಬಸವ ಆಯ್ತು, ಹಿಂದೆ ಅಣ್ಣ ಸೇರಿತು. ಈಗ ಅದಕ್ಕಿಂತ ಕನ್ನಡದ ಹೆಸರು ಇನ್ನೊಂದಿದೆಯಾ? ಪಕ್ಕದ ರಾಜಾಜಿನಗರ ಇರೋದೇ ತಮಿಳುನಾಡಿನ ರಾಜಾಜಿ ಹೆಸರಲ್ಲಿ, ಅದನ್ನ ಯಾರೂ ಕೇಳಲ್ಲ.

ಸರ್ವಜ್ಞನ ವಚನಗಳನ್ನು ಊರೂರು ಅಲೆದು ಕೂಡಿಸಿ ಕೊಟ್ಟವರು ಉತ್ತಂಗಿ ಚನ್ನಪ್ಪನವರು. ಕ್ರೈಸ್ತ ಪಾದ್ರಿ. 1949ರಲ್ಲಿ ಕಲಬುರ್ಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದವರು. ಅವರ ತಂದೆಯ ಹೆಸರು ದಾನಿಯೇಲಪ್ಪ. ಒಂದ್ಸಲ ಜೋರಾಗಿ ಹೇಳಿ ನೋಡಿ: ದಾನಿಯೇಲಪ್ಪ! ಹೀಬ್ರೂ ಹೆಸರಿಗೆ ಧಾರವಾಡದ ಕಡೆಯ ಜನ ಒಂದು ಅಪ್ಪ ಹಚ್ಚಿದರು, ಕೆಲಸ ಮುಗೀತು. ಇನ್ನು 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿ 'ಚಂದ್ರಗಿರಿಯ ತೀರದಲ್ಲಿ' ಬರೆದ ಸಾರಾ ಅಬೂಬಕ್ಕರ್ ಅವರ 'ಸಾರಾ' ಎಲ್ಲಿಯದು ಅಂದ್ಕೊಂಡ್ರಿ? ಅಬ್ರಹಾಮನ ಹೆಂಡತಿಯ ಹೆಸರು, ಅದೇ ಹೀಬ್ರೂ. ವಿಜಯಪುರದ ಇಬ್ರಾಹಿಂ ರೋಜಾ ನೋಡೋಕೆ ಹೋಗ್ತೀರಲ್ಲ, ಆ ಇಬ್ರಾಹಿಂ ಕೂಡ ಅಬ್ರಹಾಮನೇ, ಅರಬ್ಬಿ ದಾರಿಯಲ್ಲಿ ಸುತ್ತಿಕೊಂಡು ಬಂದವನು. ಈ ಹೆಸರುಗಳು ನೆಂಟರಲ್ಲ ಸ್ವಾಮಿ, ಮನೆಯವರು.

ಗೆಳೆಯನಿಗೆ ಇಷ್ಟು ಸಾಕು. ನಮ್ಮವರ ಮೇಲೂ ನನಗೆ ಸಿಟ್ಟಿದೆ, ನಿಜ ಹೇಳಬೇಕೆಂದರೆ ಅದೇ ಜಾಸ್ತಿ.

ಕೆಂಗೇರಿಯ ಅತ್ತೆ "ಇಡೋದಾದ್ರೆ ಜಿಪ್ಪೋರಾ ಅಂತಿಡು, ಸ್ಟೈಲಾಗಿರುತ್ತೆ" ಅಂದರು. ಪ್ರತಿ ಭಾನುವಾರ ಕನ್ನಡ ಆರಾಧನೆಗೆ ಹೋಗೋರು! ರಾಹೇಲ ಅಂದ್ರೆ ಹಳ್ಳಿ, ರೇಚೆಲ್ ಅಂದ್ರೆ ಸಿಟಿ. ಯಾಕೋಬ ಅಜ್ಜನ ಹೆಸರು, ಜೇಕಬ್ ಮೊಮ್ಮಗನ ಹೆಸರು. ಇವರಿಗೆ ಇಂಗ್ಲಿಷೇ ಮೂಲ ಅನ್ನೋ ಭ್ರಮೆ. ಹೀಬ್ರೂವಿನಲ್ಲಿ ಜೇಕಬ್, ಜೋಸೆಫ್‌ನ 'ಜ' ಇಲ್ಲವೇ ಇಲ್ಲ, ಇರೋದು ಯಕಾರ. 1611ರ ಇಂಗ್ಲಿಷ್ ಬೈಬಲಿನಲ್ಲೂ ಜೋಸೆಫನ ಹೆಸರು ಅಚ್ಚಾಗಿದ್ದು ಐ ಅಕ್ಷರದಿಂದಲೇ. ಜೇ ಅಂತ ಬೇರೆ ಅಕ್ಷರ ಬಳಕೆಗೆ ಬಂದದ್ದು ಆಮೇಲೆ. ನಮ್ಮ ಯೋಸೇಫ, ಯಾಕೋಬ, ಯೆರೆಮೀಯ, ಮೋಶೆ, ಹವ್ವ ಇವೆಲ್ಲ ಇಂಗ್ಲಿಷಿನವರ ರೂಪಕ್ಕಿಂತ ಮೂಲಕ್ಕೆ ಹತ್ತಿರ. 1831ರಲ್ಲೇ ಬಳ್ಳಾರಿಯಲ್ಲಿ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿತ್ತು. ಅಷ್ಟು ಹಳೇ ಆಸ್ತಿ ಇಟ್ಕೊಂಡು ಸಾಲ ತರೋದು ಯಾಕೆ?

ಚಿಪ್ಪೋರದ ಮೊದಲ ಅಕ್ಷರ ಹೀಬ್ರೂವಿನಲ್ಲಿ 'ತ್ಸ' ಥರದ ಉಚ್ಚಾರಣೆ. ಇಂಗ್ಲಿಷಿನವರು ಅದನ್ನ 'ಜ಼' ಮಾಡಿದರು, ಕನ್ನಡದವರು 'ಚ' ಮಾಡಿದರು. ಅದಕ್ಕೇ ನಮ್ಮಲ್ಲಿ ಚೀಯೋನ್, ಚೆಫನ್ಯ, ಮೆಲ್ಕೀಚೆದೆಕ. (ಆ ಕೊನೆಯದನ್ನ ಮಗನಿಗೆ ಇಡೋವಷ್ಟು ಧೈರ್ಯ ನನಗೂ ಇಲ್ಲ :-) ) ಅರ್ಥ ಏನು ಗೊತ್ತಾ? ಹಕ್ಕಿ. ಮೋಶೆಯ ಹೆಂಡತಿ, ಮಿದ್ಯಾನಿನ ಯಾಜಕನ ಮಗಳು. ಅಂದ್ರೆ ಇಸ್ರಾಯೇಲರ ಪಾಲಿಗೆ ಅವಳೇ ಹೊರಗಿನವಳು.

ಹೆಂಡತಿ ಒಂದು ರಾತ್ರಿ ಮಗು ತೂಗ್ತಾ "ಶಾಲೇಲಿ ರೇಗಿಸಿದ್ರೆ ಏನ್ರೀ ಮಾಡೋದು, ಅಳೋದು ಅವಳು ತಾನೆ, ನೀವಲ್ಲವಲ್ಲ" ಅಂದಳು. ಅದಕ್ಕೆ ಮಾತ್ರ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಆದರೆ ಮಾರನೇ ದಿನದಿಂದ ಅವಳೇ ಮಗುವನ್ನ 'ಗುಬ್ಬಿ' ಅಂತ ಕರೆಯೋಕೆ ಶುರು ಮಾಡಿದಳು. ಅರ್ಥಕ್ಕೆ ಅರ್ಥವೂ ಉಳಿಯಿತು.

ಜನನ ಪ್ರಮಾಣಪತ್ರ ಮೊನ್ನೆ ಕೈಗೆ ಬಂತು. ಅರ್ಜಿಯಲ್ಲಿ ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟಿದ್ದೆ. ಪತ್ರದ ಕನ್ನಡ ಸಾಲಿನಲ್ಲಿ ಅಚ್ಚಾಗಿರೋದು 'ಜಿಪ್ಪೋರಾ'. ಕೇಳಿದರೆ, "ಇಂಗ್ಲಿಷ್ ನೋಡ್ಕೊಂಡು ಕನ್ನಡ ಹೊಡೀತೀವಿ ಸಾರ್, ಎಲ್ರಿಗೂ ಹಂಗೇ" ಅಂದರು.

ಸೋಮವಾರ ರಜೆ ಹಾಕಿದ್ದೀನಿ. ತಿದ್ದುಪಡಿ ಅರ್ಜಿ, ಎರಡು ಜೆರಾಕ್ಸು, ಜೊತೆಗೆ ವಿಮೋಚನಕಾಂಡದ ಎರಡನೇ ಅಧ್ಯಾಯದ ಪುಟಕ್ಕೆ ಗುರುತಿಟ್ಟ ಕನ್ನಡ ಬೈಬಲ್ಲನ್ನೂ ತಗೊಂಡು ಹೋಗ್ತೀನಿ.