ಹೊಗೆ ಹೋಯ್ತು ಸರಿ, ರೋಸ್ಟರ್ ಎಲ್ಲಿಗೆ ಹೋಯ್ತು?

ಗೆಳೆಯರೇ, ಸ್ವಲ್ಪ ಉದ್ದ ಇದೆ. ಬಸ್ಸಲ್ಲಿ ಕೂತಾಗ ಓದಿ.

ಹೋದ ವಾರ ಬೆಂಗಳೂರಿನ ಎಲೆಕ್ಟ್ರಿಕ್ ಬಸ್ಸುಗಳ ಬಗ್ಗೆ ನಾನು ಎರಡು ಸಾಲು ಹಾಕಿದ್ದೆ. ಅದಕ್ಕೆ ಒಬ್ಬ ಪ್ರಗತಿಪರ ಸ್ನೇಹಿತರು ಕೇಳಿದರು, "ಪರಿಸರದ ವಿಷಯಕ್ಕೂ ಜಾತಿ ತಂದುಬಿಟ್ರಾ ಸಾರ್?" ನಗುವ ಚಿಹ್ನೆ ಬೇರೆ. ಸಾರ್, ಜಾತಿನ ನಾನು ತಂದಿದ್ದಲ್ಲ. ಅದು ಟೆಂಡರಿನ ಒಳಗೇ ಕೂತಿತ್ತು. ನಾನು ಟಾರ್ಚ್ ಹಾಕಿದೆ ಅಷ್ಟೆ.

ಮೊದಲೇ ಹೇಳಿಬಿಡ್ತೀನಿ, ನಾನು ಎಲೆಕ್ಟ್ರಿಕ್ ಬಸ್ಸಿನ ವಿರೋಧಿ ಅಲ್ಲ. ಡೀಸೆಲ್ ಹೊಗೆ ಮೊದಲು ಕುಡಿಯೋದು ಯಾರು? ಬೆಳಗ್ಗೆ ಆರು ಗಂಟೆಗೆ ರಸ್ತೆ ಗುಡಿಸೋ ಪೌರಕಾರ್ಮಿಕ ತಾಯಂದಿರು, ಮೆಜೆಸ್ಟಿಕ್ಕಿನಲ್ಲಿ ಸೊಪ್ಪು ಹೂವು ಮಾರೋರು, ಡಿಪೋ ಪಕ್ಕದ ಕಾಲೋನಿಯವರು. ಕಾರಿನ ಗಾಜು ಏರಿಸಿಕೊಂಡು ಹೋಗೋರಲ್ಲ. ಆ ಹೊಗೆ ನಿಂತ್ರೆ ನಮ್ಮ ಜನರ ಎದೆಗೇ ಮೊದಲು ಒಳ್ಳೇದು. ಹಾಗಾಗಿ "ಇವರಿಗೆ ಅಭಿವೃದ್ಧಿ ಬೇಡ" ಅನ್ನೋ ಹಳೇ ಕ್ಯಾಸೆಟ್ ಹಾಕಬೇಡಿ.

ಪ್ರಶ್ನೆ ಇರೋದು ಬಸ್ಸಿನ ಬಗ್ಗೆ ಅಲ್ಲ, ಬಸ್ ತಂದ ರೀತಿ ಬಗ್ಗೆ. ತುಂಬಾ ಜನಕ್ಕೆ ಇದು ಗೊತ್ತಿಲ್ಲ, ಬಿಎಂಟಿಸಿ ಈ ಬಸ್ಸುಗಳನ್ನ ಕೊಂಡೇ ಇಲ್ಲ. 2021ರ ಕೊನೆಗೆ ಸ್ಮಾರ್ಟ್ ಸಿಟಿ ದುಡ್ಡಿನ ಜೊತೆ ಬರೋಕೆ ಶುರುವಾದ 90 ಸಣ್ಣ ಬಸ್ಸು, 2022ರಲ್ಲಿ ಫೇಮ್-2 ಯೋಜನೆಯಡಿ ಶುರುವಾದ 300, ಆಮೇಲೆ ಟಾಟಾ ಕಡೆಯಿಂದ ಬಂದ 921, ಎಲ್ಲಾ ಗುತ್ತಿಗೆ ಬಸ್ಸುಗಳು. ಇದಕ್ಕೆ ಗ್ರಾಸ್ ಕಾಸ್ಟ್ ಕಾಂಟ್ರಾಕ್ಟ್ ಅಂತಾರೆ. ಬಸ್ಸು ಕಂಪನಿದು, ರಿಪೇರಿ ಕಂಪನಿದು, ಡ್ರೈವರ್ ಕಂಪನಿಯವನು. ಕಂಡಕ್ಟರ್ ಮಾತ್ರ ನಿಗಮದವರು. ನಿಗಮ ಕೊಳ್ಳೋದು ಕಿಲೋಮೀಟರನ್ನ. ಓಡಿಸಿದ ಕಿಲೋಮೀಟರಿಗೆ ಇಷ್ಟು ಅಂತ ವರ್ಷಗಟ್ಟಲೆ ಕೊಡ್ತಾ ಹೋಗಬೇಕು.

ನಾನು ಗುಮಾಸ್ತ. ಲೆಕ್ಕ ಹಾಕದೆ ನಿದ್ದೆ ಬರಲ್ಲ. 921 ಬಸ್ಸಿನ ದರ ಕಿಲೋಮೀಟರಿಗೆ ಸುಮಾರು 41 ರೂಪಾಯಿ ಅಂತ ಪತ್ರಿಕೆಗಳಲ್ಲೇ ಬಂದಿದೆ. ಒಂದು ಬಸ್ಸು ದಿನಕ್ಕೆ 200 ಕಿಲೋಮೀಟರ್ ಓಡುತ್ತೆ ಅಂತ ಇಟ್ಕೊಳ್ಳಿ. ದಿನಕ್ಕೆ 8,200 ರೂಪಾಯಿ. ವರ್ಷಕ್ಕೆ 30 ಲಕ್ಷದ ಹತ್ತಿರ. 12 ವರ್ಷಕ್ಕೆ ಒಂದು ಬಸ್ಸಿಗೆ 3 ಕೋಟಿ 59 ಲಕ್ಷ. 921 ಬಸ್ಸಿಗೆ ಹೆಚ್ಚೂಕಮ್ಮಿ 3,300 ಕೋಟಿ. ಇದು ನನ್ನ ಪೆನ್ಸಿಲ್ ಲೆಕ್ಕ, ನೂರಿನ್ನೂರು ಕೋಟಿ ಆಚೆ ಈಚೆ ಇರಬಹುದು. ಆದ್ರೆ ಇದು ಸಾರ್ವಜನಿಕ ಹಣ. ನಮ್ಮ ಟಿಕೆಟ್ ದುಡ್ಡು, ತೆರಿಗೆ ದುಡ್ಡು, ಶಕ್ತಿ ಯೋಜನೆಯಲ್ಲಿ ನಮ್ಮ ಹೆಣ್ಣುಮಕ್ಕಳ ಹೆಸರಲ್ಲಿ ಸರ್ಕಾರ ಕಟ್ಟೋ ದುಡ್ಡು.

ಈಗ ಇದರ ಪಕ್ಕಕ್ಕೆ ನಮ್ಮ ರಾಜ್ಯದ "ನ್ಯಾಯಯುತ ಖರೀದಿ" ನಿಯಮ ಇಟ್ಟು ನೋಡಿ. ಕರ್ನಾಟಕಕ್ಕೆ ಆ ಹೆಮ್ಮೆ ಇದೆ, ಇಲ್ಲ ಅನ್ನಲ್ಲ. 1999ರ ಕೆಟಿಪಿಪಿ ಕಾಯ್ದೆಗೆ ತಿದ್ದುಪಡಿ ತಂದು, ಸರ್ಕಾರಿ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಗೆ 17.15%, ಪಂಗಡಕ್ಕೆ 6.95% ಗುತ್ತಿಗೆ ಮೀಸಲಿಟ್ಟರು. ಸಣ್ಣ ಕೆಲಸ ಅಲ್ಲ ಅದು. ಎಷ್ಟೋ ಹುಡುಗರು ಮೊದಲ ಸಲ ಕಂಟ್ರಾಕ್ಟರ್ ಅನ್ನಿಸಿಕೊಂಡರು. ಆದ್ರೆ ಮಿತಿ ನೋಡಿ. ಮೊದಲು 50 ಲಕ್ಷದವರೆಗಿನ ಕಾಮಗಾರಿಗೆ. ಆಮೇಲೆ 1 ಕೋಟಿ ಮಾಡಿದರು. 2025ರಲ್ಲಿ 2 ಕೋಟಿಗೆ ಏರಿಸೋ ಮಸೂದೆ ಸದನದಲ್ಲಿ ಪಾಸಾಯ್ತು, ಅದರಲ್ಲಿ 2ಬಿ ಸೇರಿಸಿದ್ದಕ್ಕೆ ದೊಡ್ಡ ಗಲಾಟೆ ಆಯ್ತು, ರಾಜ್ಯಪಾಲರು ರಾಷ್ಟ್ರಪತಿಗೆ ಕಳಿಸಿದರು. ಎರಡು ಕೋಟಿಗೆ ಅಷ್ಟು ರಂಪ. 3,300 ಕೋಟಿ ಕಿಲೋಮೀಟರ್ ಲೆಕ್ಕದಲ್ಲಿ ಸದ್ದಿಲ್ಲದೆ ಉರುಳಿಕೊಂಡು ಹೋಗ್ತಾ ಇದೆ, ಯಾವ ಟಿವಿ ಚಾನೆಲ್ಲಿನಲ್ಲೂ ಚರ್ಚೆ ಇಲ್ಲ!

ಚರಂಡಿ, ಮೋರಿ, ಸ್ಮಶಾನದ ಕಾಂಪೌಂಡು ನಮಗೆ. ಅಲ್ಲಿಗೆ ನಿಯಮ ಬರುತ್ತೆ, ರೋಸ್ಟರ್ ಬರುತ್ತೆ. ದುಡ್ಡಿನ ಗಾತ್ರ ಏರ್ತಾ ಹೋದಂತೆ ನ್ಯಾಯದ ಗಾತ್ರ ಇಳಿಯುತ್ತೆ. ಬಸ್ ಮಾಡೋ ಫ್ಯಾಕ್ಟರಿ ದಲಿತರ ಹತ್ರ ಎಲ್ಲಿದೆ ಅಂತ ಕೇಳ್ತೀರಾ, ಇಲ್ಲ, ನಾನು ಒಪ್ಪುತ್ತೇನೆ. ಬಸ್ ಮಾಡೋ ಗುತ್ತಿಗೆ ನಾನು ಕೇಳ್ತಾ ಇಲ್ಲ. ನಾನು ಕೇಳ್ತಿರೋದು ಸ್ಟೀರಿಂಗ್.

ಯಾಕೆ ಅಂದ್ರೆ ನಮ್ಮ ದೊಡ್ಡಪ್ಪ ಸಾರಿಗೆ ಸಂಸ್ಥೆಯಲ್ಲಿ ಡ್ರೈವರ್ ಆಗಿದ್ದರು. ಓದಿದ್ದು ಏಳನೇ ಕ್ಲಾಸು. ಊರಲ್ಲಿ ಹೋಟೆಲಿನ ಹೊರಗೆ ತೆಂಗಿನ ಚಿಪ್ಪಲ್ಲಿ ಟೀ ಕುಡಿದ ಮನುಷ್ಯ, ಖಾಕಿ ಹಾಕಿಕೊಂಡು ಅದೇ ಊರಿನ ಬಸ್ಸನ್ನ ಅದೇ ಹೋಟೆಲಿನ ಮುಂದೆ ತಂದು ನಿಲ್ಲಿಸಿದ ದಿನದ ಕಥೆನ ನಮ್ಮ ಮನೇಲಿ ಇವತ್ತಿಗೂ ಹೇಳ್ತಾರೆ. ಗೌಡರ ಮಗ ಕೈ ಅಡ್ಡ ಹಾಕಿ "ನಿಲ್ಸಪ್ಪಾ" ಅಂದನಂತೆ. ದೊಡ್ಡಪ್ಪ "ಸ್ಟಾಪ್ ಅಲ್ಲಿದೆ, ಅಲ್ಲಿಗೆ ಬನ್ನಿ" ಅಂದರಂತೆ. ಇಷ್ಟೇ ಕಥೆ. ಆದ್ರೆ ಆ ಒಂದು ಕೆಲಸದಿಂದ ನಮ್ಮ ವಂಶದಲ್ಲಿ ಮೊದಲ ಸಲ ಪಿಎಫ್ ಬಂತು, ಪಾಸು ಬಂತು, ಸೊಸೈಟಿ ಸಾಲ ಬಂತು. ಆ ಸಾಲದಲ್ಲೇ ನಾನು ಬಿಎ ಮಾಡಿದ್ದು. ಆ ಕೆಲಸ ಬಂದಿದ್ದು ಯಾರದೋ ದಯೆಯಿಂದ ಅಲ್ಲ, ರೋಸ್ಟರ್ ಪಾಯಿಂಟಿನಿಂದ. ಬಾಬಾಸಾಹೇಬರು ಸಂವಿಧಾನದಲ್ಲಿ ಬರೆದಿಟ್ಟ 16(4) ನಮ್ಮ ಹಟ್ಟಿಗೆ ಬಂದಿದ್ದು ಬಸ್ಸಿನ ರೂಪದಲ್ಲಿ.

ಈಗ? 2022ರಲ್ಲಿ ಪರಿಶಿಷ್ಟ ಜಾತಿಗೆ 15ರಿಂದ 17, ಪಂಗಡಕ್ಕೆ 3ರಿಂದ 7 ಅಂತ ಕಾನೂನು ಆಯ್ತು. ನಾವೂ ಸಿಹಿ ಹಂಚಿದ್ವಿ. ಆದ್ರೆ ಮೀಸಲಾತಿ ಇರೋದು ನಿಗಮದ ನೇಮಕಾತಿಗೆ. ಡ್ರೈವರನ್ನ ನಿಗಮ ನೇಮಿಸೋದೇ ಇಲ್ಲ ಅಂದ್ರೆ 24% ಯಾವುದರ ಮೇಲೆ ಹಾಕ್ತೀರಿ? ಸೊನ್ನೆಯ 24% ಸೊನ್ನೆ. ಒಂದು ಬಸ್ಸಿಗೆ ಎರಡು ಪಾಳಿ, ಕನಿಷ್ಠ ಇಬ್ಬರು ಡ್ರೈವರ್ ಅಂದ್ರೂ 921 ಬಸ್ಸಿಗೆ 1,842 ಕೆಲಸ. ಅದರಲ್ಲಿ 442 ನಮ್ಮವು. ಈಗ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಬೆಂಗಳೂರಿಗೆ ಇನ್ನೂ 4,500 ಬಸ್ಸು ಹಂಚಿಕೆ ಆಗಿದೆ. ಅದೂ ಇದೇ ಗುತ್ತಿಗೆ ಮಾದರಿ. ಅಂದ್ರೆ 9,000 ಡ್ರೈವರ್ ಕೆಲಸ, ಅದರಲ್ಲಿ 2,160 ಪರಿಶಿಷ್ಟರದ್ದು. ಮೆಕ್ಯಾನಿಕ್, ಹೆಲ್ಪರ್ ಲೆಕ್ಕ ಇನ್ನೂ ಹಾಕಿಲ್ಲ. ಒಬ್ಬರನ್ನೂ ಕೆಲಸದಿಂದ ತೆಗೆಯದೆ, ಮೀಸಲಾತಿ ವಿರುದ್ಧ ಒಂದು ಮಾತೂ ಆಡದೆ, ಇಷ್ಟು ಕುರ್ಚಿ ಮಾಯ.

ಇನ್ನೊಂದು ಮಾತು ನಮ್ಮೊಳಗೇ ಹೇಳಬೇಕು. ಒಳಮೀಸಲಾತಿ ನ್ಯಾಯವಾದ ಬೇಡಿಕೆ, ನಾನು ಅದರ ಪರವಾಗಿ ಫ್ರೀಡಂ ಪಾರ್ಕಿನಲ್ಲಿ ಕೂತವನೇ. ಆದ್ರೆ 6-6-5 ಅಂತ ಎಡ ಬಲ ಕೂತು ತಟ್ಟೆ ಅಳೀತಾ ಇರುವಾಗ ಅಡುಗೆಮನೆಯಿಂದ ಪಾತ್ರೆನೇ ಹೊತ್ಕೊಂಡು ಹೋಗ್ತಿದ್ದಾರಲ್ಲ, ಅದನ್ನ ನೋಡೋರು ಯಾರು? ಈ ವಿಷಯಕ್ಕೆ ಎರಡೂ ಕಡೆಯವರು ಒಟ್ಟಿಗೆ ಬರೋಕೆ ಏನು ತೊಂದರೆ?

ನಮ್ಮ ಸಂಬಂಧಿಕರ ಹುಡುಗ ಒಬ್ಬ ಇಂಥದ್ದೇ ಬಸ್ಸು ಓಡಿಸ್ತಾನೆ. ಯಾವ ಊರು, ಯಾವ ಕಂಪನಿ ಅಂತ ಹೇಳಲ್ಲ, ಹೇಳಿದ್ರೆ ನಾಳೆಯಿಂದ ಅವನಿಗೆ ಕೆಲಸ ಇಲ್ಲ. ಅವನನ್ನ ಕೇಳಿದೆ, ನಿನ್ನ ಯಜಮಾನ ಯಾರು ಅಂತ. ಅವನಿಗೇ ಗೊತ್ತಿಲ್ಲ. ಬಸ್ಸಿನ ಮೇಲೆ ಒಂದು ಹೆಸರು, ನೇಮಕಾತಿ ಪತ್ರದಲ್ಲಿ ಇನ್ನೊಂದು ಹೆಸರು, ಬ್ಯಾಂಕಿಗೆ ಸಂಬಳ ಬರೋ ಮೆಸೇಜಿನಲ್ಲಿ ಮೂರನೇ ಹೆಸರು. ಓವರ್‌ಟೈಮ್ ಕೇಳಿದ್ರೆ ಒಬ್ಬರು ಇನ್ನೊಬ್ಬರನ್ನ ತೋರಿಸ್ತಾರಂತೆ. ಬಸ್ಸಿಗೆ ಗೀಚಿದ ಗುರುತಾದ್ರೆ ಮಾತ್ರ ದಂಡ ಹಿಡಿಯೋಕೆ ಯಜಮಾನ ತಕ್ಷಣ ಸಿಗ್ತಾನೆ. ಸಂಬಳ ತಡ ಆಯ್ತು ಅಂತ ಬೆಂಗಳೂರಿನ ಡಿಪೋದಲ್ಲೂ ಗುತ್ತಿಗೆ ಡ್ರೈವರುಗಳು ಬಸ್ ನಿಲ್ಲಿಸಿದ್ದನ್ನ ಪೇಪರಿನಲ್ಲಿ ಓದಿದ್ದೀರಿ. ಆವತ್ತು ಪ್ರಯಾಣಿಕರು ಬೈದಿದ್ದು ಯಾರನ್ನ? ಬಿಎಂಟಿಸಿನ. ಬಿಎಂಟಿಸಿ ಕೈ ತೋರಿಸಿದ್ದು ಕಂಪನಿ ಕಡೆ.

"ಮುಂದೆ ಖಾಯಂ ಮಾಡ್ತಾರೆ ಬಿಡಿ" ಅನ್ನೋ ಹಿರಿಯರಿಗೆ ಒಂದು ನೆನಪು. 2006ರಲ್ಲಿ ಸುಪ್ರೀಂ ಕೋರ್ಟಿನ ಉಮಾದೇವಿ ತೀರ್ಪು ಬಂತಲ್ಲ, ಅದು ನಮ್ಮ ಕರ್ನಾಟಕದ್ದೇ ಕೇಸು. ಸರ್ಕಾರವೇ ನೇರವಾಗಿ ದಿನಗೂಲಿಗೆ ಇಟ್ಟುಕೊಂಡವರಿಗೇ ಖಾಯಂ ಆಗೋದು ಹಕ್ಕಲ್ಲ ಅಂದರು. ಮೂರನೇ ಕಂಪನಿಯ ಡ್ರೈವರಿಗೆ ಯಾವ ಬಾಗಿಲು ಉಳೀತು?

ಈಗ ನೀವು ಕೇಳಬಹುದು, 2024ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಹೊರಗುತ್ತಿಗೆಯಲ್ಲೂ ಮೀಸಲಾತಿ ಅಂತ ಆದೇಶ ಮಾಡಿತಲ್ಲ ಅಂತ. ಮಾಡಿತು. 20ಕ್ಕಿಂತ ಕಡಿಮೆ ಇಲ್ಲದ ಹುದ್ದೆಗಳಿದ್ರೆ ರೋಸ್ಟರ್ ಪಾಲಿಸಬೇಕು, ಮಹಿಳೆಯರಿಗೆ 33% ಕೊಡಬೇಕು ಅಂತ ಇದೆ. ಒಳ್ಳೆ ಆದೇಶ. ಆದ್ರೆ ಫೈಲು ಹೊತ್ತು ಗೊತ್ತಿರೋನು ನಾನು, ಇದಕ್ಕೆ ಏನು ಟಿಪ್ಪಣಿ ಬರುತ್ತೆ ಅಂತ ಈಗಲೇ ಬರೆದುಕೊಡ್ತೀನಿ: "ಸದರಿ ಒಪ್ಪಂದವು ಮಾನವ ಸಂಪನ್ಮೂಲ ಪೂರೈಕೆಯದ್ದಾಗಿರದೆ ಕಿಲೋಮೀಟರ್ ಆಧಾರಿತ ಸೇವೆಯದ್ದಾಗಿರುವುದರಿಂದ..." ಮುಗೀತು. ಮನುಷ್ಯರನ್ನ ಕೊಂಡ್ರೆ ಮೀಸಲಾತಿ, ಕಿಲೋಮೀಟರ್ ಕೊಂಡ್ರೆ ಇಲ್ಲ. ಕಿಲೋಮೀಟರಿಗೆ ಜಾತಿ ಇಲ್ಲವಂತೆ! ಆ ಕಿಲೋಮೀಟರನ್ನ ತುಳಿಯೋ ಕಾಲಿಗೆ ಇದೆಯಲ್ಲ ಸ್ವಾಮಿ.

ಎಲೆಕ್ಟ್ರಿಕ್ ವಾಹನ ಮತ್ತು ನೈತಿಕತೆ ಅಂದ ತಕ್ಷಣ ನಮ್ಮ ಇಂಗ್ಲಿಷ್ ಬಲ್ಲ ಮಿತ್ರರು ಕಾಂಗೋಗೆ ಹೋಗ್ತಾರೆ. ಕೋಬಾಲ್ಟ್ ಗಣಿಯ ಮಕ್ಕಳು. ಅದು ನಿಜವಾದ ನೋವು, ಆ ಮಕ್ಕಳೂ ನಮ್ಮವರೇ. ಆದ್ರೆ ನಮ್ಮ ದೇಶದ ಎಲೆಕ್ಟ್ರಿಕ್ ಬಸ್ಸುಗಳಲ್ಲಿ ಹೆಚ್ಚಿನವು ಎಲ್‌ಎಫ್‌ಪಿ ಬ್ಯಾಟರಿಯವು, ಅದರಲ್ಲಿ ಕೋಬಾಲ್ಟೇ ಇರಲ್ಲ. ಕಾಂಗೋಗೆ ಕಣ್ಣೀರು ಹಾಕಿದವರು ಡಿಪೋಗೆ ಒಂದು ಸಲ ಬನ್ನಿ. ಚಾರ್ಜಿಂಗ್ ಆಗೋವರೆಗೂ ಡ್ರೈವರ್ ಎಲ್ಲಿ ಮಲಗ್ತಾನೆ, ಶೌಚಾಲಯ ಯಾರು ತೊಳೀತಾರೆ, ಅವರ ಸಂಬಳ ಎಷ್ಟು, ಅದನ್ನೂ ಕೇಳಿ. ಹತ್ತು ವರ್ಷ ಆದ್ಮೇಲೆ ಈ ಬ್ಯಾಟರಿ ಸತ್ತಾಗ ಒಡೆಯೋಕೆ ಯಾರ ಕೈಗೆ ಸುತ್ತಿಗೆ ಕೊಡ್ತಾರೆ ಅನ್ನೋದು ಇನ್ನೊಂದು ದಿನದ ವಿಷಯ. 2022ರ ಬ್ಯಾಟರಿ ತ್ಯಾಜ್ಯ ನಿಯಮ ತಯಾರಕರ ಮೇಲೆ ಹೊಣೆ ಹೊರಿಸಿದೆ, ಕಾಗದದಲ್ಲಿ.

ಕೊನೆಗೆ ಬರೋ ವಾದ ಒಂದೇ. "ಇಷ್ಟೆಲ್ಲ ಷರತ್ತು ಹಾಕಿದ್ರೆ ಯಾವ ಕಂಪನಿನೂ ಬರಲ್ಲ, ದರ ಏರುತ್ತೆ, ಕೇಂದ್ರದ ಸಬ್ಸಿಡಿ ತಪ್ಪುತ್ತೆ." ದರದ ಮಾತು ಪೂರ್ತಿ ಸುಳ್ಳಲ್ಲ. ಡ್ರೈವರಿಗೆ ನೆಟ್ಟಗೆ ಸಂಬಳ ಕೊಟ್ರೆ ಕಿಲೋಮೀಟರಿಗೆ ಕೆಲವು ರೂಪಾಯಿ ಜಾಸ್ತಿ ಆಗುತ್ತೆ. ಆಗ್ಲಿ. 41 ರೂಪಾಯಿ ಅಗ್ಗ ಅಂತ ಚಪ್ಪಾಳೆ ಹೊಡೆದ್ರಲ್ಲ, ಆ ಅಗ್ಗದಲ್ಲಿ ಬ್ಯಾಟರಿದು ಎಷ್ಟು, ಡ್ರೈವರಿನ ಹೊಟ್ಟೆದು ಎಷ್ಟು ಅಂತ ಬಿಡಿಸಿ ತೋರಿಸಿ. ಇನ್ನು ಕಂಪನಿ ಬರಲ್ಲ ಅನ್ನೋದು. ಅಮೆರಿಕದ ಲಾಸ್ ಏಂಜಲೀಸ್ ನಗರದ ಸಾರಿಗೆ ಸಂಸ್ಥೆ ಬಸ್ ಕೊಳ್ಳುವಾಗ ಎಷ್ಟು ಕೆಲಸ, ಎಷ್ಟು ಸಂಬಳ ಅಂತ ಕಂಪನಿಯಿಂದ ಬರೆಸಿಕೊಂಡಿತ್ತು. ನ್ಯೂ ಫ್ಲೈಯರ್ ಅನ್ನೋ ಕಂಪನಿ ಆ ಮಾತು ಉಳಿಸಿಕೊಳ್ಳಲಿಲ್ಲ ಅಂತ ಒಂದು ಸಂಘಟನೆ ಕೋರ್ಟಿಗೆ ಹೋಯ್ತು. ಕಂಪನಿ ತಪ್ಪು ಒಪ್ಪಲಿಲ್ಲ, ಆದ್ರೆ 2022ರಲ್ಲಿ ರಾಜಿಗೆ ಬಂತು. ಅಲಬಾಮದ ಫ್ಯಾಕ್ಟರಿಯಲ್ಲಿ ಕಪ್ಪು ಜನರಿಗೆ, ಮಹಿಳೆಯರಿಗೆ ಹೊಸ ನೇಮಕಾತಿಯಲ್ಲಿ ಪಾಲು ಕೊಡ್ತೀವಿ ಅಂತ ಒಪ್ಪಂದಕ್ಕೆ ಸಹಿ ಹಾಕಿತು. ಕಂಪನಿ ಓಡಿಹೋಗಲಿಲ್ಲ, ಬಸ್ ಮಾಡ್ತಾನೇ ಇದೆ. ಬಂಡವಾಳಶಾಹಿ ದೇಶದ ಒಂದು ನಗರ ಕೇಳಬಹುದಾದ್ದನ್ನ ಸಾಮಾಜಿಕ ನ್ಯಾಯದ ಹೆಸರಲ್ಲಿ ಓಟು ಕೇಳಿದ ಸರ್ಕಾರ ಕೇಳೋಕೆ ನಾಚಿಕೆನಾ?

ಬೇಡಿಕೆ ದೊಡ್ಡದಲ್ಲ. ಹೊಸ 4,500ಕ್ಕೆ ಡ್ರೈವರ್ ನಿಗಮದವರೇ ಇರಲಿ, ಬಸ್ಸು ಬೇಕಾದ್ರೆ ಬಾಡಿಗೆಗೆ ಬರಲಿ. ಕಂಡಕ್ಟರನ್ನ ನಿಗಮ ಕೊಡಬಹುದು ಅಂದ್ರೆ ಡ್ರೈವರನ್ನೂ ಕೊಡಬಹುದು, ಯಾವ ವಿಜ್ಞಾನ ಅಡ್ಡ ಬರುತ್ತೆ? ಕೇಂದ್ರದ ಷರತ್ತು ಅಂತಾರಾ, ಹಾಗಾದ್ರೆ ನಿಗಮ ಕಂಪನಿ ಜೊತೆ ಮಾಡಿಕೊಳ್ಳೋ ಒಪ್ಪಂದದಲ್ಲೇ 17 ಮತ್ತು 7ರ ರೋಸ್ಟರ್ ಬರೆಸಲಿ, ಅದು ಪಾಲನೆ ಆಗದಿದ್ರೆ ತಿಂಗಳ ಬಿಲ್ಲಿನಲ್ಲಿ ಕಡಿತ ಮಾಡಲಿ. ಬಸ್ಸು ತಡವಾದ್ರೆ ಬಿಲ್ಲಿನಲ್ಲಿ ಕಡಿತ ಮಾಡೋ ಷರತ್ತು ಬರೆಯೋಕೆ ಬರುತ್ತಲ್ಲ? ಅದೇ ಪೆನ್ನಲ್ಲಿ ಇದನ್ನೂ ಬರೀರಿ.

ನಾನು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದ್ದೇನೆ. ಗುತ್ತಿಗೆ ಎಲೆಕ್ಟ್ರಿಕ್ ಬಸ್ಸುಗಳಲ್ಲಿ ಕೆಲಸ ಮಾಡ್ತಿರೋ ಡ್ರೈವರುಗಳಲ್ಲಿ ಪರಿಶಿಷ್ಟ ಜಾತಿ, ಪಂಗಡದವರು ಎಷ್ಟು, ಮಹಿಳೆಯರು ಎಷ್ಟು, 2024ರ ಹೊರಗುತ್ತಿಗೆ ಮೀಸಲಾತಿ ಆದೇಶ ಇವಕ್ಕೆ ಅನ್ವಯ ಆಗುತ್ತೋ ಇಲ್ವೋ, ಇಲ್ಲ ಅಂದ್ರೆ ಹಾಗಂತ ನಿರ್ಧರಿಸಿದ ಟಿಪ್ಪಣಿಯ ಪ್ರತಿ ಕೊಡಿ ಅಂತ. ನಮ್ಮ ರಾಜ್ಯದಲ್ಲಿ ಅರ್ಜಿ 150 ಪದ ಮೀರೋ ಹಾಗಿಲ್ಲ, ಒಂದೇ ವಿಷಯ ಇರಬೇಕು, ಹಾಗಾಗಿ ಮೂರು ಅರ್ಜಿ ಆಯ್ತು. ಒಂದಕ್ಕೆ ಹತ್ತು ರೂಪಾಯಿ. ಒಬ್ಬನೇ ಕೇಳಿದ್ರೆ ಕಸದ ಬುಟ್ಟಿ, ನೂರು ಜನ ಕೇಳಿದ್ರೆ ಅದೇ ಒಂದು ಫೈಲು ಆಗುತ್ತೆ. ನಕಲು ಬೇಕಾದವರು ಇನ್‌ಬಾಕ್ಸಿಗೆ ಬನ್ನಿ, ನಿಮ್ಮ ಜಿಲ್ಲೆಯ ಸಾರಿಗೆ ವಿಭಾಗದ ಹೆಸರು ಬದಲಿಸಿ ಹಾಕಿ. ಡ್ರೈವರ್ ಹುಡುಗರು ಯಾರಾದ್ರೂ ಇದನ್ನ ಓದಿದ್ರೆ ದಯವಿಟ್ಟು ಕಾಮೆಂಟಿನಲ್ಲಿ ಕಂಪನಿ ಹೆಸರು, ಡಿಪೋ ಹೆಸರು ಹಾಕಬೇಡಿ. ನೇರವಾಗಿ ನನಗೆ ಬರೀರಿ.

ಜೈ ಭೀಮ್.