ಎನ್‌ಐಸಿಯು ಬಾಗಿಲ ಹೊರಗೆ

ದಿನ ತುಂಬುವ ಮೊದಲೇ ಹುಟ್ಟಿದ ಕೂಸು ನವಜಾತ ಶಿಶುಗಳ ತೀವ್ರ ನಿಗಾ ಘಟಕದ (ಎನ್‌ಐಸಿಯು) ಒಳಗೆ; ಹೊಲಿಗೆ ಇನ್ನೂ ಮಾಗದ ಬಾಣಂತಿ ಹೊರಗಿನ ಕಬ್ಬಿಣದ ಬೆಂಚಿನ ಮೇಲೆ. ಎರಡು–ಮೂರು ಗಂಟೆಗೊಮ್ಮೆ ಹಾಲು ಹಿಂಡಿ ಪುಟ್ಟ ಬಟ್ಟಲಲ್ಲಿ ಒಳಗೆ ಕಳಿಸುವುದೇ ಅವಳ ದಿನಚರಿ. ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಕೆಂಗೇರಿಯ ಆಸ್ಪತ್ರೆಗಳಿಗೆ ಇದು ಹೊಸ ನೋಟವಲ್ಲ.

ಹೆತ್ತವರನ್ನು ಸಂದರ್ಶಕರಂತೆ ಕಾಣುವ ಪದ್ಧತಿ ಮೊದಲು ತೊಲಗಬೇಕು. ಮಗುವನ್ನು ಬರಿ ಎದೆಗೆ ಅಪ್ಪಿಕೊಳ್ಳುವ ಕಾಂಗರೂ ಆರೈಕೆಯನ್ನು ಹುಟ್ಟಿದ ಬಳಿಕ ಆದಷ್ಟು ಬೇಗ ಆರಂಭಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲೇ ಹೇಳಿದೆ. ಅದನ್ನು ಅಪ್ಪನೂ ಮಾಡಬಹುದು, ರಜೆ ಸಿಕ್ಕರೆ! ಖಾಸಗಿ ನೌಕರಿಯ ಅಪ್ಪಂದಿರಿಗೆ ನಮ್ಮಲ್ಲಿ ಪಿತೃತ್ವ ರಜೆಯ ಕಾನೂನೇ ಇಲ್ಲ. ಬ್ರಿಟನ್ನಿನಲ್ಲಿ 2025ರ ಏಪ್ರಿಲ್‌ನಿಂದ ಎನ್‌ಐಸಿಯು ಕೂಸುಗಳ ತಂದೆ, ತಾಯಿ ಇಬ್ಬರಿಗೂ 12 ವಾರಗಳವರೆಗೆ ಹೆಚ್ಚುವರಿ ರಜೆ ಸಿಗುತ್ತಿದೆ.

ಇರುವ ಸೌಲಭ್ಯವಾದರೂ ತಲುಪುತ್ತಿದೆಯೇ? ಅವಧಿಪೂರ್ವ ಹೆರಿಗೆಯಿಂದ ಅಸ್ವಸ್ಥಳಾದ ತಾಯಿಗೆ ನೌಕರರ ರಾಜ್ಯ ವಿಮೆ (ಇಎಸ್‌ಐ) ಅಡಿ ಹೆರಿಗೆ ಸೌಲಭ್ಯದ ಮೇಲೆ ಇನ್ನೊಂದು ತಿಂಗಳ ನೆರವಿಗೆ ಅವಕಾಶವಿದೆ. ಪೀಣ್ಯದ ಗಾರ್ಮೆಂಟ್ಸ್ ಹೆಣ್ಣುಮಕ್ಕಳಲ್ಲಿ ಎಷ್ಟು ಮಂದಿಗೆ ಇದು ಗೊತ್ತು? ರಾಜಾಜಿನಗರದ ಇಎಸ್‌ಐ ಆಸ್ಪತ್ರೆ ಈ ಮಾಹಿತಿಯನ್ನು ಎನ್‌ಐಸಿಯು ಬಾಗಿಲಲ್ಲೇ ದೊಡ್ಡ ಕನ್ನಡ ಅಕ್ಷರಗಳಲ್ಲಿ ಹಾಕಲಿ, ಅರ್ಜಿ ತುಂಬಿಕೊಡಲು ಸಿಬ್ಬಂದಿಯೊಬ್ಬರನ್ನು ಅಲ್ಲೇ ಕೂರಿಸಲಿ.